ದಾಕ್ಷಾಯಿಣಿ ಬಿಗಿದ ಫಿಲ್ಟರು

"ಬುದ್ಧೀ, ನಮ್ಮವರ ಪ್ರೀತಿಯನ್ನು ಕಳಚಿಕೊಳ್ಳಲು ಮನುಷ್ಯನಿಗೆ ಎಷ್ಟು ಬಲ ಬೇಕು?"

ಕೇಳಿದವನು ಪ್ರಭುಲಿಂಗ. ಅವನು ಮಠ ಸೇರಿ ವರ್ಷವಾಗಿತ್ತು. ದೀಕ್ಷೆಗೆ ದಿನ ಗೊತ್ತಾಗಿತ್ತು. ಓದಿನಲ್ಲಿ ಚುರುಕು, ನಡೆಯಲ್ಲಿ ಶಿಸ್ತು. ಮಾತು ಮಾತ್ರ ಸ್ವಲ್ಪ ಬಿರುಸು. ಮಠದ ಹಿರಿಯ ಸ್ವಾಮಿಗಳು ಅವನ ಎದುರಿಗೆ ಮಣೆಯ ಮೇಲೆ ಕುಳಿತಿದ್ದರು.

"ಬಲವೇ?" ಎಂದರು ಸ್ವಾಮಿಗಳು.

"ಹೌದು ಬುದ್ಧಿ. ಅದನ್ನು ಪಾಶ ಎನ್ನುತ್ತಾರಲ್ಲ. ಒಂದೇ ಏಟಿಗೆ ಹರಿದು ಎಸೆಯಬೇಕು ಅನ್ನಿಸುತ್ತದೆ. ಎಷ್ಟು ಎಳೆದರೂ ಹರಿಯುತ್ತಿಲ್ಲ."

ಸ್ವಾಮಿಗಳು ಮಣೆಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, "ಅರಸೀಕೆರೆಯ ಒಬ್ಬ ಹೆಣ್ಣುಮಗಳ ಕತೆ ಹೇಳುತ್ತೇನೆ. ಕೇಳು" ಎಂದು ಶುರುಮಾಡಿದರು.

ಅರಸೀಕೆರೆಯಲ್ಲಿ ಮರುಳಪ್ಪ ಎಂಬ ರೈಲ್ವೆ ಗಾರ್ಡ್ ಇದ್ದ. ಅವನ ಹೆಂಡತಿ ದಾಕ್ಷಾಯಿಣಿ. ನೌಕರಿ ಮುಗಿದ ಮೇಲೆ ಮರುಳಪ್ಪ ಒಂದು ಹಳೆಯ ಮಾರುತಿ ಕಾರು ಕೊಂಡ. "ಜೀವಮಾನವೆಲ್ಲ ರೈಲಿನ ಕೊನೆಯ ಡಬ್ಬಿಯಲ್ಲಿ ಕೂತು ಹಿಂದೆ ಸರಿಯುವ ಹಳಿ ನೋಡಿದ್ದಾಯಿತು. ಇನ್ನು ಮುಂದಿನ ದಾರಿ ನೋಡಬೇಕು" ಎನ್ನುತ್ತಿದ್ದ. ಹೆಂಡತಿಗೂ ಓಡಿಸಲು ಕಲಿಸಿದ. ಆಕೆ ಗೇರು ಬದಲಿಸುವಾಗಲೆಲ್ಲ ಕಣ್ಣು ಮುಚ್ಚುತ್ತಿದ್ದಳು. ಕೊನೆಗೆ ಕಣ್ಣು ಬಿಟ್ಟೇ ಓಡಿಸುವಂತಾದಳು.

ಕಾರಿನ ಚಾಕರಿಯನ್ನು ಮಾತ್ರ ಆತ ಯಾರಿಗೂ ಬಿಟ್ಟುಕೊಡಲಿಲ್ಲ. ಆಯಿಲ್ ಬದಲಿಸುವ ಹೊತ್ತು ಬಂದಾಗ ಮುಂದಿನ ಚಕ್ರಗಳನ್ನು ದಪ್ಪ ಮರದ ತುಂಡುಗಳ ಮೇಲೆ ಹತ್ತಿಸುವನು. ಹಿಂದಿನ ಚಕ್ರಗಳಿಗೆ ಕಲ್ಲು ಕೊಡುವನು. ಗೋಣಿಚೀಲ ಹಾಸಿಕೊಂಡು ಕಾರಿನಡಿ ತೂರುವನು. ಕೆಳಗಿನ ನಟ್ಟು ಬಿಚ್ಚಿ ಹಳೆಯ ಆಯಿಲನ್ನು ಬೋಗುಣಿಗೆ ಇಳಿಸುವನು. ಎಂಜಿನ್ನಿನ ಪಕ್ಕದಲ್ಲಿ ಮುಷ್ಟಿಗಾತ್ರದ ಒಂದು ತಗಡಿನ ಡಬ್ಬಿ ಇರುತ್ತದೆ. ಆಯಿಲನ್ನು ಸೋಸುವ ಫಿಲ್ಟರು ಅದು. ಅದನ್ನು ಕೈಯಿಂದಲೇ ತಿರುಗಿಸಿ ಬಿಚ್ಚಿ ಹೊಸದನ್ನು ಹಾಕುವನು. ದಾಕ್ಷಾಯಿಣಿ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತ, ಕೇಳಿದ ಪಾನಾ, ಕೇಳಿದ ಬಟ್ಟೆ ಕೊಡುವಳು. ಆತನ ಕಾಲುಗಳ ಜೊತೆ ಮಾತಾಡುವಳು. ಮದುವೆಯಾದ ಮೇಲೆ ತಮ್ಮಿಬ್ಬರ ಮಾತು ಹೆಚ್ಚು ನಡೆದದ್ದು ಆ ಹೊತ್ತಿನಲ್ಲೇ ಎಂದು ಆಕೆಗೆ ಅನ್ನಿಸುತ್ತಿತ್ತು.

ಹೀಗಿರುವಾಗ ಮರುಳಪ್ಪನಿಗೆ ಎದೆನೋವು ಬಂತು. ಹಾಸನದ ಆಸ್ಪತ್ರೆಗೆ ಸೇರಿಸಿದರು. ಎದೆ ತೆರೆದು ಆಪರೇಷನ್ ಮಾಡಬೇಕು ಎಂದರು. ಹಗಲು ಆಸ್ಪತ್ರೆ, ಸಂಜೆ ಮನೆ. ದಾಕ್ಷಾಯಿಣಿ ತಾನೇ ಕಾರು ಓಡಿಸಿಕೊಂಡು ಹೋಗಿ ಬಂದು ಮಾಡಿದಳು. ಆಪರೇಷನ್ನಿಗೆ ಮುಂಚೆ ಮರುಳಪ್ಪ ಮಂಚದ ಮೇಲಿನಿಂದ ಆಕೆಯನ್ನು ಹತ್ತಿರ ಕರೆದ. ಏನೋ ಮನಸ್ಸಿನ ಮಾತು ಹೇಳುತ್ತಾನೆ ಎಂದು ಆಕೆ ಕಿವಿ ಕೊಟ್ಟಳು.

"ಆಯಿಲ್ ಬದಲಿಸಬೇಕು. ಫಿಲ್ಟರ್ ಕಪಾಟಿನಲ್ಲಿದೆ. ಬದಲಿಸದೆ ಕಾರು ಓಡಿಸಬೇಡ" ಎಂದ.

ಆಕೆಗೆ ಅಳು ಬರುವಷ್ಟು ಸಿಟ್ಟು ಬಂತು. ಸಾವಿನ ಹೊಸಿಲಲ್ಲಿ ಮಲಗಿದವನಿಗೆ ಹೆಂಡತಿಗಿಂತ ಕಾರು ಹೆಚ್ಚಾಯಿತಲ್ಲ ಅನ್ನಿಸಿತು. "ಆಯಿತು, ಗ್ಯಾರೇಜಿನವನನ್ನು ಕರೆಸುತ್ತೇನೆ" ಎಂದಳು. ಕರೆಸಿದಳು. ಹಬ್ಬದ ಸಮಯ, ಅವನು ಬರಲಿಲ್ಲ. ಮಾರನೆಯ ದಿನ ಆಪರೇಷನ್. ದಾಕ್ಷಾಯಿಣಿ ಸೆರಗು ಬಿಗಿದು, ಗೋಣಿಚೀಲ ಹಾಸಿ, ತಾನೇ ಕಾರಿನಡಿ ತೂರಿದಳು. ಆತ ಮಾಡಿದ್ದನ್ನು ಅಷ್ಟು ವರ್ಷ ನೋಡಿದ್ದಳಲ್ಲ, ಹಾಗೇ ಮಾಡಿದಳು. ಹೊಸ ಫಿಲ್ಟರನ್ನು ಕೈಯಿಂದ ತಿರುಗಿಸಿದಳು. ಸಾಲದು ಅನ್ನಿಸಿತು. ಡಬ್ಬಿಯ ಸುತ್ತ ಬಿಗಿಯುವ ಬೆಲ್ಟಿನ ಪಾನಾ ಹಾಕಿ ತಿರುಗಿಸಿದಳು. ಇನ್ನೂ ಸಾಲದು ಅನ್ನಿಸಿತು. ಕಾಲನ್ನು ಚಕ್ರಕ್ಕೆ ಒತ್ತುಕೊಟ್ಟು, ಹಲ್ಲು ಕಚ್ಚಿ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಇನ್ನೊಂದು ಸುತ್ತು ತಿರುಗಿಸಿದಳು.

ಗಂಡನಿಗೆ ಮಾತ್ರ, "ಗ್ಯಾರೇಜಿನವನು ಬಂದು ಮಾಡಿಹೋದ" ಎಂದಳು. ಆತ ನೆಮ್ಮದಿಯಾಗಿ ಕಣ್ಣು ಮುಚ್ಚಿದ.

ಆಪರೇಷನ್ ಸುಸೂತ್ರವಾಯಿತು. ಮರುಳಪ್ಪ ಮನೆಗೆ ಬಂದ. ತಿಂಗಳುಗಳು ಕಳೆದವು. ಇನ್ನು ಎಲ್ಲ ಕೆಲಸ ಮಾಡಬಹುದು, ನಿಧಾನವಾಗಿ ಮಾಡಲಿ ಎಂದರು ಡಾಕ್ಟರು. ದಾಕ್ಷಾಯಿಣಿಯ ಕಿವಿಗೆ ನಿಧಾನ ಎಂಬುದು ಮಾತ್ರ ಬಿತ್ತು. ಆತ ಬಕೆಟ್ಟಿಗೆ ಕೈ ಹಾಕಿದರೆ ಓಡಿ ಬಂದು ಕಿತ್ತುಕೊಳ್ಳುವಳು. ಮಾಳಿಗೆಯ ಮೆಟ್ಟಿಲಿಗೆ ಅಡ್ಡವಾಗಿ ಕುರ್ಚಿ ಇಟ್ಟಳು. ಸಂತೆಯ ಚೀಲವನ್ನು ಮುಟ್ಟಗೊಡಲಿಲ್ಲ. ಕಾರಿನ ಕೀಲಿಯನ್ನು ಎಲ್ಲೋ ಎತ್ತಿಟ್ಟಳು. ಮಲಗಿದ್ದಾಗ ಮೂಗಿನ ಹತ್ತಿರ ಬೆರಳು ಹಿಡಿದು ನೋಡುವಳು. ಒಮ್ಮೆ ಮರುಳಪ್ಪ ಕಣ್ಣು ಮುಚ್ಚಿಕೊಂಡೇ, "ಇನ್ನೂ ಇದ್ದೀನಿ ಕಣೇ" ಎಂದ. ಆಕೆ ನಗಲಿಲ್ಲ. ಆತನೂ ಆಮೇಲೆ ಅಂಥ ತಮಾಷೆ ಮಾಡಲಿಲ್ಲ. ದಿನದಿಂದ ದಿನಕ್ಕೆ ಮಾತು ಕಡಿಮೆಮಾಡಿದ. ಜಗಲಿಯ ಮೇಲೆ ಕೂತು, ದೂರದಲ್ಲಿ ರೈಲು ಕೂಗಿದರೆ ಆ ಕಡೆ ಮುಖ ತಿರುಗಿಸುವನು. ಅಷ್ಟೇ.

ಅವರಿಗೆ ಒಬ್ಬಳೇ ಮಗಳು, ಕಡೂರಿಗೆ ಕೊಟ್ಟಿದ್ದರು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಿತ್ತು. ಅಪ್ಪನ ಕಾಯಿಲೆಯಿಂದ ಅತ್ತೆಮನೆಯಲ್ಲೇ ಆಯಿತು. ಹೆಣ್ಣುಮಗು. ಈಗ ಮಗುವಿಗೆ ಹೆಸರಿಡುವ ಶಾಸ್ತ್ರ. ಮರುಳಪ್ಪ ಇನ್ನೂ ಮೊಮ್ಮಗಳ ಮುಖ ಕಂಡಿರಲಿಲ್ಲ.

"ಕಾರಿನಲ್ಲೇ ಹೋಗೋಣ. ನಾನೇ ಓಡಿಸ್ತೀನಿ" ಎಂದ.

"ನಾನಿಲ್ಲವೇನು ಓಡಿಸೋದಕ್ಕೆ?" ಎಂದಳು ದಾಕ್ಷಾಯಿಣಿ.

ಆತ ಎದುರಾಡಲಿಲ್ಲ. ಎದ್ದು ಹೋಗಿ ಹಿತ್ತಲ ಕೋಣೆಯಿಂದ ಮರದ ತುಂಡುಗಳನ್ನು ತರಲು ಬಗ್ಗಿದ. ಆಸ್ಪತ್ರೆಯ ಓಡಾಟದಲ್ಲಿ ಕಾರು ಬಹಳ ಓಡಿತ್ತು. ಮತ್ತೆ ಆಯಿಲ್ ಬದಲಿಸುವ ಹೊತ್ತು ಬಂದಿತ್ತು. ಇದನ್ನೂ ಬೇಡವೆಂದರೆ ಆತ ಇನ್ನು ಮಾತೇ ಆಡಲಿಕ್ಕಿಲ್ಲ ಎಂದು ಆಕೆಗೆ ಹೆದರಿಕೆಯಾಯಿತು. ತಾನೇ ಮರದ ತುಂಡುಗಳನ್ನು ತಂದು ಹಾಕಿದಳು. ಕಾರು ಹತ್ತಿಸಿ ಕೊಟ್ಟಳು. ಮೆಟ್ಟಿಲ ಮೇಲೆ ಕೂತಳು.

ಮರುಳಪ್ಪ ಕಾರಿನಡಿ ಸೇರಿದ. ಹಳೆಯ ಆಯಿಲು ಬೋಗುಣಿಗೆ ಇಳಿಯತೊಡಗಿತು. ಆತ ಸಣ್ಣಗೆ ಶಿಳ್ಳೆ ಹಾಕಿದ. ಎಷ್ಟೋ ತಿಂಗಳ ಮೇಲೆ ಕೇಳಿದ ಶಿಳ್ಳೆ. ದಾಕ್ಷಾಯಿಣಿಯ ಕಣ್ಣು ತುಂಬಿ ಬಂತು.

ಆಮೇಲೆ ಶಿಳ್ಳೆ ನಿಂತಿತು.

"ಬಟ್ಟೆ ಕೊಡು."

ಕೊಟ್ಟಳು. ಫಿಲ್ಟರಿನ ಮೈ ಒರೆಸಿ ಕೈಯಿಂದ ತಿರುಗಿಸಿದ. ಜಗ್ಗಲಿಲ್ಲ.

"ಉಪ್ಪುಕಾಗದ ಕೊಡು."

ಕೊಟ್ಟಳು. ಉಪ್ಪುಕಾಗದ ಸುತ್ತಿ ಹಿಡಿದು ತಿರುಗಿಸಿದ. ಕಾಗದ ಹರಿದು ಬಂತು. ಡಬ್ಬಿ ಅಲ್ಲಾಡಲಿಲ್ಲ. ಬೆಲ್ಟಿನ ಪಾನಾ ಹಾಕಿದ. ಬೆಲ್ಟು ಜಾರಿತು. ಮತ್ತೆ ಹಾಕಿದ. ಮತ್ತೆ ಜಾರಿ ಆತನ ಬೆರಳ ಗೆಣ್ಣು ಕಬ್ಬಿಣಕ್ಕೆ ತರಚಿತು.

"ಯಾವ ಹೋರಿ ಬಿಗಿದದ್ದೇ ಇದನ್ನ?" ಎಂದು ಕಾರಿನಡಿಯಿಂದ ಕೂಗಿದ. "ಇದೇನು ಕಾರಿನ ಫಿಲ್ಟರೋ, ಸೇತುವೆಯ ಕಂಬವೋ? ಕೈಯಲ್ಲಿ ತಿರುಗಿಸಿ ಬಿಡಬೇಕು ಅನ್ನೋ ಬುದ್ಧಿ ಬೇಡವಾ? ಅವನ ಕೈ ಸೇದಿಹೋಗ!"

ದಾಕ್ಷಾಯಿಣಿ ತನ್ನ ಕೈ ನೋಡಿಕೊಂಡಳು. ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.

"ಹೋಗಲಿ ಬಿಡಿ. ಏನೋ ಗೊತ್ತಿಲ್ಲದೆ ಬಿಗಿದಿರಬಹುದು" ಎಂದಳು.

"ಗೊತ್ತಿಲ್ಲದವನು ಗ್ಯಾರೇಜು ಯಾಕೆ ಇಟ್ಟ? ನಾಡಿದ್ದು ಹೋಗಿ ನಾಲ್ಕು ಜನರ ಮುಂದೆ ಅವನನ್ನು ನಿಲ್ಲಿಸಿ ಕೇಳ್ತೀನಿ. ಮಾನ ಕಳೀತೀನಿ."

ಪಾಪ, ಆ ಗ್ಯಾರೇಜಿನವನು ಈ ಕಾರಿನ ಗಾಳಿಯನ್ನೂ ಮುಟ್ಟಿದವನಲ್ಲ. ದಾಕ್ಷಾಯಿಣಿ ಹೇಳಿಬಿಡಲೇ ಅಂದುಕೊಂಡಳು. ಅಷ್ಟರಲ್ಲಿ, "ದೊಡ್ಡ ಸ್ಕ್ರೂಡ್ರೈವರ್ ಕೊಡು, ಸುತ್ತಿಗೆ ಕೊಡು" ಎಂದ. ಡಬ್ಬಿಗೆ ಅಡ್ಡವಾಗಿ ತೂತು ಹೊಡೆದು, ಸ್ಕ್ರೂಡ್ರೈವರನ್ನೇ ಹಿಡಿಯಾಗಿ ಮಾಡಿ ತಿರುಗಿಸುವುದು ಆತನ ಲೆಕ್ಕ. ಹೊಡೆದ. ತಗಡು ತೂತಾಯಿತು. ಒಳಗಿದ್ದ ಕರೀ ಎಣ್ಣೆ ಆತನ ಮುಖದ ಮೇಲೆ ಸುರಿಯಿತು. ಥೂ ಎಂದು ಉಗಿದು, ಎರಡೂ ಕೈಯಿಂದ ಹಿಡಿದು ಎಳೆದ. ತಗಡು ಕಾಗದದ ಹಾಗೆ ಉದ್ದಕ್ಕೂ ಹರಿಯಿತು. ಡಬ್ಬಿ ಚಿಂದಿಯಾಯಿತು. ಅದರ ಬುಡ ಮಾತ್ರ ಎಂಜಿನ್ನಿಗೆ ಕಚ್ಚಿಕೊಂಡು ಹಾಗೇ ಉಳಿಯಿತು.

ಈಗ ಕಾರಿನಲ್ಲಿ ಆಯಿಲಿಲ್ಲ. ಫಿಲ್ಟರು ಬಿಚ್ಚದೆ ಹಾಕುವ ಹಾಗೂ ಇಲ್ಲ. ಬೆಳಗಾದರೆ ಕಡೂರಿಗೆ ಹೋಗಬೇಕು.

ಮರುಳಪ್ಪ ಮತ್ತೆ ಮತ್ತೆ ಎಳೆದ. ದಾಕ್ಷಾಯಿಣಿಗೆ ಸುತ್ತಿಗೆಯ ಸದ್ದಿಗಿಂತ ಆತನ ಉಸಿರಿನ ಸದ್ದು ಹೆಚ್ಚಾಗಿ ಕೇಳುತ್ತಿತ್ತು. ಆ ತಿಂಗಳುಗಳಲ್ಲಿ ಅಡಿಗೆಮನೆಯಿಂದಲೇ ಆ ಉಸಿರಿನ ಏರಿಳಿತ ಹಿಡಿಯುವುದನ್ನು ಆಕೆ ಕಲಿತಿದ್ದಳು. ಅದು ಈಗ ಏದುಸಿರಾಗಿತ್ತು.

"ರೀ, ಈಚೆ ಬನ್ನಿ."

"ಬರ್ತೀನಿ. ತಡಿ."

"ಸಾಕು, ಬನ್ನಿ ಅಂದೆ. ನಿಮ್ಮ ಕೈಲಿ ಆಗಲ್ಲ."

ಕಾರಿನಡಿ ಎಲ್ಲ ಸದ್ದೂ ನಿಂತಿತು. ಆಮೇಲೆ ಆತನ ದನಿ ಬಂತು. ಸಿಟ್ಟಿನ ದನಿಯಲ್ಲ. ಬಹಳ ತಗ್ಗಿದ ದನಿ.

"ಬಕೆಟ್ ಎತ್ತೋದಾಗಲ್ಲ. ಮೆಟ್ಟಿಲು ಹತ್ತೋದಾಗಲ್ಲ. ಇದೂ ಆಗಲ್ಲ ಅನ್ನು. ಹಾಗಾದರೆ ಆ ಡಾಕ್ಟರು ನನ್ನನ್ನ ಯಾಕೆ ಉಳಿಸಿದರು, ದಾಕ್ಷಾಯಿಣಿ?"

ಇಡೀ ಸಂಸಾರದಲ್ಲಿ ಆತ ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ಆಕೆ ಮೆಟ್ಟಿಲಿಳಿದು ಬಂದು ಕಾರಿನ ಪಕ್ಕದಲ್ಲಿ ನೆಲದ ಮೇಲೆ ಕುಸಿದು ಕೂತಳು. ಅಲ್ಲಿಂದ ಆತನ ಪಾದಗಳಷ್ಟೇ ಕಾಣುತ್ತಿದ್ದವು. ಆ ಪಾದಗಳಿಗೆ ಹೇಳಿದಳು.

"ಅದನ್ನು ಗ್ಯಾರೇಜಿನವನು ಬಿಗಿದದ್ದಲ್ಲ. ನಾನು ಬಿಗಿದದ್ದು."

ಪಾದಗಳು ಅಲುಗಲಿಲ್ಲ.

"ಅವನು ಬರಲೇ ಇಲ್ಲ. ಬದಲಿಸದೆ ಓಡಿಸಬೇಡ ಅಂದಿದ್ದಿರಿ. ಅದಕ್ಕೇ ನಾನೇ ಹಾಕಿದೆ."

ಮರುಳಪ್ಪ ಅಂಗಾತ ಜಾರಿಕೊಂಡು ಈಚೆ ಬಂದ. ಎದ್ದು ಕೂತ. ಮುಖದ ಅರ್ಧಕ್ಕೆ ಕರೀ ಎಣ್ಣೆ ಬಳಿದಿತ್ತು. ಅದರ ನಡುವೆ ಕಣ್ಣು ಬೆಳ್ಳಗೆ ಕಂಡಿತು. ಸುಳ್ಳು ಹೇಳಿದ್ದಕ್ಕೆ ಬೈಯುತ್ತಾನೆ ಎಂದು ಆಕೆ ತಲೆ ತಗ್ಗಿಸಿದಳು. ಬೈದ. ಆದರೆ ಬೈದದ್ದು ಅದಕ್ಕಲ್ಲ.

"ನೀನು ಇದರಡಿ ಮಲಗಿದ್ದೆಯಾ? ಒಬ್ಬಳೇ? ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಿದ್ದೆಯಾ?"

"ಕೊಟ್ಟಿದ್ದೆ."

"ಎರಡಕ್ಕೂ?"

"ಒಂದಕ್ಕೆ. ಇನ್ನೊಂದು ಕಲ್ಲು ಸಿಗಲಿಲ್ಲ."

"ಅಯ್ಯೋ, ತಲೆಯಿಲ್ಲದವಳೇ! ಕಾರು ಜಾರಿದ್ದರೆ? ಮೇಲೆ ಕೂತಿದ್ದರೆ? ಅಲ್ಲಿ ನನ್ನ ಎದೆ ತೆರೆದಿಟ್ಟಿರುತ್ತಿದ್ದರು. ಇಲ್ಲಿ ನೀನು..." ಆಗಿಹೋದದ್ದಕ್ಕೆ, ಅದೂ ಏನೂ ಆಗದೆ ಮುಗಿದದ್ದಕ್ಕೆ, ಆ ಮನುಷ್ಯ ಈಗ ಹೆದರುತ್ತಿದ್ದ.

"ನಿಮಗೆ ಕಾರಿನ ಚಿಂತೆ ಅಂತ ಮಾಡಿದೆ" ಎಂದಳು ಆಕೆ.

"ಕಾರಿನ ಚಿಂತೆಯೇ? ಹಾಸನದ ದಾರೀಲಿ ಕತ್ತಲಾದ ಮೇಲೆ ನೀನೊಬ್ಬಳೇ ಬರಬೇಕು. ನಡುದಾರಿಯಲ್ಲಿ ಎಂಜಿನ್ ಹಿಡಿದುಕೊಂಡರೆ ನೀನು ಏನು ಮಾಡಬೇಕು? ನನಗಿದ್ದದ್ದು ಆ ಚಿಂತೆ. ಕಾರು ಸುಟ್ಟುಹೋಗಲಿ!"

ದಾಕ್ಷಾಯಿಣಿ ಬಾಯಿಗೆ ಸೆರಗು ಒತ್ತಿಕೊಂಡಳು. ಅತ್ತಳು. ಅಷ್ಟು ತಿಂಗಳೂ ಆಕೆ ಅತ್ತಿರಲಿಲ್ಲ. ಆತ ಸಮಾಧಾನ ಮಾಡಲು ಹೋಗಲಿಲ್ಲ. ಎಣ್ಣೆಯ ಕೈ, ಮುಟ್ಟುವ ಹಾಗಿರಲಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತ. ಅಳು ಇಳಿದ ಮೇಲೆ ಕೇಳಿದ.

"ಅಷ್ಟು ಬಿಗಿ ಯಾಕೆ ಹಾಕಿದೆಯೇ?"

"ಆವತ್ತು ಡಾಕ್ಟರು ನನ್ನನ್ನ ಒಳಗೆ ಕರೆದು, ನಾವು ಏನೂ ಭರವಸೆ ಕೊಡೋದಿಲ್ಲ ತಾಯಿ ಅಂದರು. ಮನೆಗೆ ಬಂದೆ. ಏನು ಮುಟ್ಟಿದರೂ ಕಳಚಿಬೀಳುತ್ತೆ ಅನ್ನಿಸ್ತಿತ್ತು. ನಲ್ಲಿ ಬಿಗಿದೆ. ಗ್ಯಾಸಿನ ತಿರುಪು ಬಿಗಿದೆ. ಉಪ್ಪಿನಕಾಯಿ ಜಾಡಿಯ ಮುಚ್ಚಳ ಬಿಗಿದೆ. ಆಮೇಲೆ ಇದು. ಇದೊಂದಾದರೂ ಕಳಚಬಾರದು ಅಂತ."

ಮರುಳಪ್ಪ ಆಕೆಯನ್ನೇ ನೋಡಿದ.

"ಆ ಜಾಡಿ! ನಾನು ಮನೆಗೆ ಬಂದ ಮೇಲೆ ಅದನ್ನ ತೆಗೆಯೋಕಾಗದೆ, ನನ್ನ ಶಕ್ತಿಯೇ ಹೋಯಿತು ಅಂತ ಇಡೀ ದಿನ ಕೊರಗಿದ್ದೆ ಕಣೇ."

ಅಂದವನಿಗೆ ನಗು ಬಂತು. ತಡೆದ. ತಡೆಯಲಾಗಲಿಲ್ಲ. ಎದೆಯ ಮೇಲೆ ಅಂಗೈ ಇಟ್ಟುಕೊಂಡು ನಕ್ಕ. ನಗಬೇಡಿ, ಹೊಲಿಗೆ ಎಂದು ಹೇಳಹೊರಟ ದಾಕ್ಷಾಯಿಣಿಗೂ ನಗು ಬಂತು.

ನಕ್ಕು ಮುಗಿಸಿ ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಸರೀರಿ. ನಾನು ಬಿಗಿದದ್ದು, ನಾನೇ ಬಿಚ್ತೀನಿ. ನೀವು ಹೇಳಿಕೊಡಿ" ಎಂದು ಗೋಣಿಚೀಲದ ಮೇಲೆ ಅಂಗಾತ ಮಲಗಿ ಕಾರಿನಡಿ ಸರಿದಳು. ಮರುಳಪ್ಪ ಮೊದಲು ಎರಡೂ ಹಿಂಚಕ್ರಗಳ ಕಲ್ಲನ್ನು ಕಾಲಿನಿಂದ ಒದ್ದು ನೋಡಿದ. ಆಮೇಲೆ ಟಾರ್ಚು ಹಿಡಿದು ತಾನೂ ಆಕೆಯ ಪಕ್ಕಕ್ಕೆ ಬಂದು ಮಲಗಿದ.

ಬುಡದ ಅಂಚಿಗೆ ಉಳಿ ಆನಿಸಲು ಹೇಳಿದ. ಆಕೆ ಉಳಿ ಆನಿಸಿ ಸುತ್ತಿಗೆಯಿಂದ ರಪ್ಪನೆ ಹೊಡೆದಳು. ಉಳಿ ಜಾರಿತು.

"ಹೊಡೀಬೇಡ. ಕೊಬ್ಬರಿ ಗಿಟುಕನ್ನ ಚಿಪ್ಪಿನಿಂದ ಹೇಗೆ ಬಿಡಿಸ್ತೀಯ?"

"ಸುತ್ತಲೂ ತಟ್ತೀನಿ."

"ಇದೂ ಅಷ್ಟೇ ಅಂದುಕೋ. ಒಂದೇ ಕಡೆ ಬಲ ಬೇಡ. ಬಿಚ್ಚೋ ದಿಕ್ಕಿಗೆ ಉಳಿ ಓರೆ ಹಿಡಿ. ಒಂದು ತಟ್ಟು ತಟ್ಟು, ಸ್ವಲ್ಪ ಆಚೆ ಸರಿ."

ಆಕೆ ತಟ್ಟಿದಳು. ಸರಿದಳು. ತಟ್ಟಿದಳು. ಬೀದಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯ ಗಿರಿಜಮ್ಮ ಗೇಟಿನ ಹತ್ತಿರ ನಿಂತಳು. ಕಾರಿನಡಿಯಿಂದ ಚಾಚಿದ ನಾಲ್ಕು ಪಾದಗಳನ್ನು ನೋಡಿ, "ಏನಮ್ಮಾ, ಇಬ್ಬರೂ ಅಲ್ಲೇನು ಮಾಡ್ತಿದ್ದೀರಿ?" ಎಂದಳು. "ಸಂಸಾರ!" ಎಂದ ಮರುಳಪ್ಪ ಒಳಗಿನಿಂದ. ದಾಕ್ಷಾಯಿಣಿ ಮೊಣಕೈಯಿಂದ ತಿವಿದಳು. ಗಿರಿಜಮ್ಮ ಸರಸರ ಹೊರಟುಹೋದಳು.

ಬಹಳ ಹೊತ್ತು ಏನೂ ಆಗಲಿಲ್ಲ. ಆಕೆಯ ತೋಳು ಸೋತಿತು. "ನಾನು ತಟ್ಟಲೇ?" ಎಂದ. ಆಕೆ ಬೇಡ ಅನ್ನಲು ಬಾಯಿ ತೆರೆದಳು. ಆತನ ಮುಖ ನೋಡಿದಳು. ಉಳಿ, ಸುತ್ತಿಗೆ ಎರಡನ್ನೂ ಆತನ ಕೈಗೆ ಕೊಟ್ಟು ಟಾರ್ಚು ಹಿಡಿದಳು. ಆತ ಸ್ವಲ್ಪ ಹೊತ್ತು ತಟ್ಟಿದ. ದಣಿದು ಆಕೆಗೆ ಕೊಟ್ಟ. ಹೀಗೆ ಕೈಯಿಂದ ಕೈಗೆ ಬದಲಾಗುತ್ತ, ಯಾರ ಕೈಯಲ್ಲಿದ್ದಾಗಲೋ ಏನೋ, ಟಕ್ಕೆಂದು ಒಂದು ಸಣ್ಣ ಸದ್ದಾಯಿತು. ಬುಡ ಕೂದಲೆಳೆಯಷ್ಟು ಸರಿದಿತ್ತು. ಆಮೇಲೆ ಅದನ್ನು ಬೆರಳಿನಿಂದಲೇ ತಿರುಗಿಸಿ ತೆಗೆದರು. ಹಳೆಯ ರಬ್ಬರಿನ ಬಳೆ ಎಂಜಿನ್ನಿಗೇ ಅಂಟಿ ಉಳಿದಿತ್ತು. ಮರುಳಪ್ಪ ಅದನ್ನು ಉಗುರಿನಿಂದ ಬಿಡಿಸಿ ಎಳೆದುಹಾಕಿದ. ಅದರ ಮೇಲೇ ಹೊಸದನ್ನು ಕೂರಿಸಿದರೆ ಆಯಿಲೆಲ್ಲ ಹೊರಕ್ಕೆ ಚಿಮ್ಮುತ್ತದೆ ಎಂದ.

ಹೊಸ ಫಿಲ್ಟರನ್ನು ದಾಕ್ಷಾಯಿಣಿಯೇ ಹಾಕಿದಳು. ಅದರ ರಬ್ಬರಿಗೆ ಬೆರಳಿನಿಂದ ಹೊಸ ಆಯಿಲ್ ಸವರಿ ತಿರುಗಿಸಿದಳು. ರಬ್ಬರು ತಾಗಿತು. ಇನ್ನಷ್ಟು ತಿರುಗಿಸಿದಳು.

"ಸಾಕು" ಎಂದ ಮರುಳಪ್ಪ.

ಆಕೆಯ ಕೈ ನಿಲ್ಲಲಿಲ್ಲ. ಬೆರಳುಗಳು ಬೆಳ್ಳಗಾಗುವವರೆಗೆ ಒತ್ತಿ ಹಿಡಿದಿದ್ದಳು.

"ಸಾಕು ಕಣೇ. ಬಿಡು."

"ಕಳಚಿಕೊಂಡರೆ?"

"ಕಳಚಲ್ಲ. ಎಂಜಿನ್ ಬಿಸಿಯಾದಾಗ ಅದು ತಾನಾಗಿಯೇ ಹಿಡ್ಕೊಳ್ಳುತ್ತೆ. ನಾನು ಇಷ್ಟು ವರ್ಷ ಹಾಕಿಲ್ಲವಾ?"

ಆಕೆಗೆ ಬಿಡಬೇಕೆಂದು ಗೊತ್ತಿತ್ತು. ಬಿಡಲಾಗುತ್ತಿರಲಿಲ್ಲ. ಆ ಡಬ್ಬಿಯನ್ನು ಹಿಡಿದ ಕೈ ತಿಂಗಳುಗಳಿಂದ ಏನೇನನ್ನೋ ಹಿಡಿದುಕೊಂಡು ಬಂದಿತ್ತು. ಮರುಳಪ್ಪ ಅವಸರ ಮಾಡಲಿಲ್ಲ. ಟಾರ್ಚನ್ನು ಎದೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಮಲಗಿದ್ದ. ಒಂದೊಂದಾಗಿ ಆಕೆಯ ಬೆರಳು ಸಡಿಲವಾದವು. ಕೈ ಕೆಳಗಿಳಿಯಿತು. ಫಿಲ್ಟರು ಹಾಗೇ ನಿಂತಿತ್ತು.

ಹೊಸ ಆಯಿಲ್ ಹಾಕಿದರು. ಎಂಜಿನ್ ಚಾಲೂ ಮಾಡಿ ಬಗ್ಗಿ ನೋಡಿದರು. ಒಂದು ಹನಿಯೂ ಸೋರಲಿಲ್ಲ.

ಬೆಳಿಗ್ಗೆ ಕಡೂರಿಗೆ ಹೊರಟಾಗ ದಾಕ್ಷಾಯಿಣಿ ಎಡಗಡೆಯ ಬಾಗಿಲು ತೆರೆದು ಕೂತಳು. ಎತ್ತಿಟ್ಟಿದ್ದ ಕೀಲಿಯನ್ನು ಪಕ್ಕದ ಸೀಟಿನ ಮೇಲಿಟ್ಟಳು. ಮರುಳಪ್ಪ ಬಲಗಡೆ ಬಂದು ಕೂತು ಕಾರು ಓಡಿಸಿದ. ತಿರುವು ಬಂದಾಗಲೆಲ್ಲ ಆಕೆಯ ಕಾಲು ಅಲ್ಲಿಲ್ಲದ ಬ್ರೇಕನ್ನು ತುಳಿಯುತ್ತಿತ್ತು. ಬಾಯಿ ಮಾತ್ರ ತೆರೆಯಲಿಲ್ಲ. ಬಾಣಾವರ ದಾಟಿದ ಮೇಲೆ ಆತ ಶಿಳ್ಳೆ ಹಾಕಿದ.

ಮಗಳು ಹೊಸಿಲಲ್ಲೇ ಕೂಸನ್ನು ತಂದು ಅಪ್ಪನ ಮುಂದೆ ಹಿಡಿದಳು. ಮರುಳಪ್ಪ ಎರಡೂ ಕೈ ಚಾಚಿ ಮೊಮ್ಮಗಳನ್ನು ಎತ್ತಿಕೊಂಡ. ತುಂಬಿದ ಕೂಸು, ಭಾರವಾಗಿತ್ತು. ಬೇಡ, ಕೊಡಿ ಇಲ್ಲಿ ಎಂಬ ಮಾತು ದಾಕ್ಷಾಯಿಣಿಯ ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡಳು. ಆದರೆ ಆತ ಕೂಸನ್ನು ಹಿಡಿದಿದ್ದಷ್ಟು ಹೊತ್ತೂ ತನ್ನೆರಡು ಕೈಗಳನ್ನು ಆತನ ಮೊಣಕೈಗಳ ಕೆಳಗೆ ಚಾಚಿ ನಿಂತಿದ್ದಳು. ತಾಗಿಸಲಿಲ್ಲ. ತೆಗೆಯಲೂ ಇಲ್ಲ.

ಸ್ವಾಮಿಗಳು ಕತೆ ನಿಲ್ಲಿಸಿದರು.

ಪ್ರಭುಲಿಂಗ ಇನ್ನೂ ಏನೋ ಬಾಕಿ ಇದೆ ಎಂದು ಕಾದ. ಆಮೇಲೆ, "ಹಾಗಾದರೆ ಆ ತಾಯಿ ಪಾಶವನ್ನು ಬಿಡಲೇ ಇಲ್ಲವಲ್ಲ, ಬುದ್ಧಿ?" ಎಂದು ಕೇಳಿದ.

ಸ್ವಾಮಿಗಳು ಕಿಟಕಿಯ ಕಡೆ ನೋಡಿದರು.

"ನಿನ್ನ ತಾಯಿ ನಿನ್ನನ್ನು ನೋಡಲು ಬಂದು ಬೆಳಗಿನಿಂದ ಹೊರಗಿನ ಜಗಲಿಯ ಮೇಲೆ ಕೂತಿದ್ದಾರೆ, ಕುಡಿಯಲು ನೀರು ಕೊಟ್ಟೆಯೇನಪ್ಪ?"

ಪ್ರಭುಲಿಂಗ ಎದ್ದು, ತಂಬಿಗೆಯಲ್ಲಿ ನೀರು ತುಂಬಿಕೊಂಡು ಜಗಲಿಯ ಕಡೆ ನಡೆದ.